ಬೇತ್ಲೆಹೇಮಿಗೆ ಹೋದ ಹಳದಿ ಟೊಪ್ಪಿಗೆಗಳು

ಯೆರೂಸಲೇಮಿಗೆ ಜನರನ್ನು ಕರೆದುಕೊಂಡು ಹೋಗಿ ಬರುವ ಕೆಲಸವನ್ನು ನಾನು ಬಹಳ ವರ್ಷ ಮಾಡಿದೆ. ಈಗ ಗೋಕಾಕದ ಮನೆಯಲ್ಲಿ ಕಾಲು ಚಾಚಿ ಕುಳಿತಿದ್ದೇನೆ. ಪ್ರವಾಸೋದ್ಯಮದ ಕೋರ್ಸು ಮುಗಿಸಿದ ಹುಡುಗ ಹುಡುಗಿಯರು ಆಗಾಗ ಬಂದು, ‘ಅಂಕಲ್, ಟೂರ್ ಮ್ಯಾನೇಜರ್ ಆಗಾಕ ಏನೇನ ಕಲೀಬೇಕ್ರಿ?’ ಎಂದು ಕೇಳುತ್ತಾರೆ. ನಾನು ಹಿಬ್ರೂ ಭಾಷೆಯನ್ನೋ ರೋಮನ್ ಇತಿಹಾಸವನ್ನೋ ಹೇಳಬಹುದೆಂದು ಅವರ ನಿರೀಕ್ಷೆ. ‘ಮೊದಲ ಕಟಕ ರೊಟ್ಟಿ ಮುರೀದಂಗ ವಿಮಾನ ಹತ್ತಿಸೂದ ಕಲೀರಿ’ ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ನಮ್ಮ ಕಡೆಯ ಹಿರಿಯರಿಗೆ ಮೂರು ದಿನ ಜೋಳದ ರೊಟ್ಟಿ ಸಿಗದಿದ್ದರೆ ಯಾವ ಪವಿತ್ರ ಸ್ಥಳವೂ ಕಣ್ಣಿಗೆ ಕಾಣುವುದಿಲ್ಲ ಎಂಬುದು ಆ ಕೋರ್ಸಿನಲ್ಲಿ ಇಲ್ಲವಂತೆ.

ನಮ್ಮ ಮಾಲೀಕರು ಬೆಳಗಾವಿಯಲ್ಲಿದ್ದರು. ಎಲ್ಲರೂ ಅವರನ್ನು ಧಣಿ ಎನ್ನುತ್ತಿದ್ದರು. ಗೋವಾದ ಆಚೆ ಒಂದು ಹೆಜ್ಜೆಯನ್ನೂ ಇಟ್ಟವರಲ್ಲ; ಆದರೆ ಗಲಿಲಾಯದ ಯಾವ ಹೋಟೆಲಿನಲ್ಲಿ ಚಹಾ ತೆಳ್ಳಗಿರುತ್ತದೆ ಎಂದು ಕುರ್ಚಿಯಲ್ಲಿ ಕುಳಿತೇ ಹೇಳುತ್ತಿದ್ದರು. ಮೊದಲ ಬಾರಿ ಅವರು ನನ್ನನ್ನು ಚರ್ಚಿನ ತಂಡದ ಜೊತೆ ಕಳಿಸುವಾಗ ನಾನು ಹಿಂದೇಟು ಹಾಕಿದೆ. ‘ಧಣೀ, ನಾ ಲಿಂಗ ಕಟ್ಟಿದಾಂವ. ಅವರದು ಬೈಬಲ್ಲು. ನನಗೇನ ತಿಳೀತೈತ್ರಿ?’ ಎಂದೆ.

‘ಅದಕ್ಕ ನಿನ್ನ ಕಳಸಾಕತ್ತೇನಿ, ಬಸಣ್ಣ. ಅವರವರನ್ನ ಕಳಿಸಿದ್ರ ಎಲ್ಲಾರೂ ಕಣ್ಣ ಮುಚ್ಚಿ ಪ್ರಾರ್ಥನಿ ಮಾಡ್ಕೋತ ನಿಂದರ್ತಾರ. ತಲಿ ಎಣಸಾವ್ರು ಯಾರು?’ ಎಂದರು ಧಣಿ.

ಆಮೇಲೆ ಎರಡು ಅಪ್ಪಣೆ ಕೊಟ್ಟರು. ಒಯ್ದಷ್ಟು ತಲೆಗಳನ್ನು ತಿರುಗಿ ತರಬೇಕು. ಗಂಡ ಹೆಂಡಿರ ನಡುವೆ ಬಾಯಿ ಹಾಕಬಾರದು. ಮೊದಲನೆಯದನ್ನು ನಾನು ಕೊನೆಯವರೆಗೂ ಪಾಲಿಸಿದೆ. ಎರಡನೆಯದರ ಕಥೆಯನ್ನು ಮುಂದೆ ಹೇಳುತ್ತೇನೆ.

ನನ್ನ ಮೊದಲ ಪಜೀತಿ ಆದದ್ದು ವಿಮಾನ ನಿಲ್ದಾಣದ ತಪಾಸಣೆಯಲ್ಲಿ. ತಂಡದವರೆಲ್ಲರ ಕೊರಳಲ್ಲಿ ಶಿಲುಬೆ, ನನ್ನ ಕೊರಳಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆ. ಅದರೊಳಗೆ ಏನಿದೆ ಎಂದು ಅಧಿಕಾರಿ ಕೇಳಿದ. ನನ್ನ ದೇವರು ಎಂದೆ. ಅವನು ನನ್ನನ್ನು ನೋಡಿದ, ಶಿಲುಬೆಗಳ ಸಾಲನ್ನು ನೋಡಿದ, ತನಗಿಂತ ದೊಡ್ಡ ಅಧಿಕಾರಿಯನ್ನು ಕರೆದ. ಗೋಕಾಕದ ನಮ್ಮ ಪಾಸ್ಟರು ಇಂಗ್ಲಿಷ್ ಬಲ್ಲವರು, ಮೃದು ಮನಸ್ಸಿನವರು. ನನ್ನನ್ನು ಬಿಡಿಸಲು ಮುಂದೆ ಬಂದು, ‘ಯೇಸುಸ್ವಾಮಿ ಹುಟ್ಟಿದ ಜಾಗಕ್ಕೆ ಹೋಗಲು ನಾವೆಲ್ಲ ಇವರ ಹಿಂದೆಯೇ ಬಂದಿದ್ದೇವೆ’ ಎಂದು ವಿವರಿಸಿದರು. ಅಧಿಕಾರಿಗಳು ಇನ್ನಷ್ಟು ಗೊಂದಲಕ್ಕೆ ಬಿದ್ದರು. ಕೊನೆಗೆ ಕೈಚೀಲದಲ್ಲಿದ್ದ ಗೋಕಾಕದ ಕರದಂಟನ್ನು ಅವರೆದುರಿಗೇ ಮುರಿದು ತಿಂದು, ನಾವು ನಿರುಪದ್ರವಿಗಳೆಂದು ತೋರಿಸಬೇಕಾಯಿತು.

ತಲೆ ಎಣಿಸುವ ವಿಧಾನ ಕಾಲಕಾಲಕ್ಕೆ ಬದಲಾಯಿತು. ಮೊದಮೊದಲು ಬಸ್ಸಿನ ಸೀಟು ತಟ್ಟುತ್ತ ಎಣಿಸುತ್ತಿದ್ದೆ. ನಿದ್ದೆಯಲ್ಲಿದ್ದವರು ಬೆಚ್ಚಿ ಎದ್ದು ‘ಬೇತ್ಲೆಹೇಮ್ ಬಂತೇನ್ರಿ?’ ಎಂದು ಚಪ್ಪಲಿ ಹುಡುಕುತ್ತಿದ್ದರು. ಆಮೇಲೆ ಧಣಿಗೆ ಒಂದು ಉಪಾಯ ಹೊಳೆದು, ಎಲ್ಲರಿಗೂ ಹಳದಿ ಟೊಪ್ಪಿಗೆ ಹೊಲಿಸಿದರು. ದೂರದಿಂದಲೇ ನಮ್ಮವರು ಕಾಣಬೇಕೆಂಬುದು ಅವರ ಲೆಕ್ಕ. ಆದರೆ ಮೂಡಲಗಿ ಕಡೆಯ ಹಿರಿಯರು ತಲೆಗೆ ಸುತ್ತಿದ ಪಟಗ ಬಿಚ್ಚಲು ಒಪ್ಪಲಿಲ್ಲ. ಪಟಗದ ಮೇಲೆ ಟೊಪ್ಪಿಗೆ ಇಟ್ಟು, ಅದು ಬೀಳದಂತೆ ಪಿನ್ನು ಚುಚ್ಚಿಕೊಂಡರು. ಆ ಟೊಪ್ಪಿಗೆಯ ತುದಿ ಮನುಷ್ಯನಿಗಿಂತ ಒಂದು ಗೇಣು ಮೊದಲೇ ಎಲ್ಲ ಕಡೆ ಹೋಗುತ್ತಿತ್ತು.

ಆ ಟೊಪ್ಪಿಗೆಯ ಕಾಲದಲ್ಲೇ ಒಂದು ವರ್ಷ ಮೂಡಲಗಿ, ಗೋಕಾಕ, ಹುಕ್ಕೇರಿಯ ಕ್ರೈಸ್ತ ಸಭೆಗಳು ಕೂಡಿ ಯಾತ್ರೆ ಹೊರಟವು. ಮುಂಬೈವರೆಗೆ ಬಸ್ಸು. ಮೂಡಲಗಿಯಲ್ಲಿ ಹೊರಟು ಕಲ್ಲೋಳಿ, ಗೋಕಾಕ, ಹುಕ್ಕೇರಿಯವರನ್ನು ಹತ್ತಿಸಿಕೊಂಡು, ಕೊನೆಗೆ ಕಣಗಲಾದ ಹೆದ್ದಾರಿ ಬದಿಗೆ ಗಂಟುಮೂಟೆ ಇಟ್ಟುಕೊಂಡು ನಿಂತವರನ್ನು ಕೂಡಿಸಿಕೊಂಡೆವು. ಕಲ್ಲೋಳಿಯಲ್ಲಿ ಹತ್ತಿದವರಲ್ಲಿ ಯಾಕೋಬಪ್ಪ ಮತ್ತು ಅವನ ಹೆಂಡತಿ ಮಾರ್ಥವ್ವ ಇದ್ದರು. ಯಾಕೋಬಪ್ಪ ಎತ್ತರದ ಆಳು, ಪಟಗ ಸುತ್ತಿದರೆ ಬಸ್ಸಿನ ಬಾಗಿಲಲ್ಲಿ ಬಾಗಬೇಕು. ಮಾರ್ಥವ್ವ ಕುಳ್ಳಗೆ, ಗುಂಡಗೆ, ಚುರುಕು. ಅವಳು ಚಾಲಕನ ಹಿಂದಿನ ಸೀಟಿನಲ್ಲಿ ಕುಳಿತಳು. ಅವನು ನೇರ ಕೊನೆಯ ಸೀಟಿಗೆ ಹೋದ. ಜಗಳವಾಗಿದೆ ಎಂದು ನನಗೆ ಆಗಲೇ ತಿಳಿಯಿತು.

ಜಗಳದ ಮೂಲ ಒಂದು ಎಮ್ಮೆ. ಚಂದ್ರಿ ಎಂದು ಹೆಸರು. ಮಾರ್ಥವ್ವನ ತವರಿನಿಂದ ಬಂದ ಎಮ್ಮೆಯ ಹೊಟ್ಟೆಯಲ್ಲಿ ಹುಟ್ಟಿದ್ದು. ಬೇತ್ಲೆಹೇಮ್ ನೋಡಬೇಕೆಂಬುದು ಅವಳಿಗೆ ಮೊದಲಿನಿಂದ ಇದ್ದ ಆಸೆ. ಯಾಕೋಬಪ್ಪ ಅದನ್ನು ತೀರಿಸಲು ಹೊರಟು, ಹೇಳದೆ ಕೇಳದೆ ಚಂದ್ರಿಯನ್ನು ಮಾರಿ ಇಬ್ಬರ ಹೆಸರನ್ನೂ ಯಾತ್ರೆಗೆ ಬರೆಸಿಬಿಟ್ಟ. ಖುಷಿಯಿಂದ ಮನೆಗೆ ಹೋದವನಿಗೆ ಖಾಲಿ ಕೊಟ್ಟಿಗೆಯ ಮುಂದೆ ನಿಂತ ಹೆಂಡತಿ ಎದುರಾದಳು. ‘ಬೇತ್ಲೆಹೇಮ್ ಫೋಟೋದಾಗರೆ ನೋಡ್ತಿದ್ನಿ. ನನ್ನ ಚಂದ್ರಿದು ಒಂದ ಫೋಟೋನೂ ಇಲ್ಲ’ ಎಂದಳಂತೆ. ಅವನೊಡನೆ ಅವಳು ಆಡಿದ ಕಡೆಯ ಮಾತು ಅದೇ. ಯಾರಿಗೆ ಮಾರಿದೆ ಎಂದೂ ಕೇಳಲಿಲ್ಲ. ಹಣ ಕಟ್ಟಿ ಆಗಿದ್ದರಿಂದ ಯಾತ್ರೆಗೆ ಮಾತ್ರ ಬಂದಳು.

ಹೀಗಾಗಿ ನನ್ನ ಕೆಲಸಕ್ಕೆ ಹೊಸದೊಂದು ಸೇರಿಕೊಂಡಿತು. ಗಲಿಲಾಯ ಸಮುದ್ರದ ದಂಡೆಯಲ್ಲಿ ಬಸ್ಸು ಹೋಗುತ್ತಿದೆ. ಅಲ್ಲಿಯ ಗೈಡು ಮೈಕ್ ಹಿಡಿದು ಯೇಸುಸ್ವಾಮಿ ನೀರಿನ ಮೇಲೆ ನಡೆದ ಸಂಗತಿಯನ್ನು ಹೇಳುತ್ತಿದ್ದಾನೆ. ಮಾರ್ಥವ್ವ ನನ್ನ ತೋಳು ಜಗ್ಗುತ್ತಾಳೆ.

‘ಬಸಣ್ಣ, ಹಿಂದ ಕುಂತಾವ್ರಿಗಿ ಬಿ.ಪಿ. ಗುಳಿಗಿ ನುಂಗಂತ ಹೇಳ್ರಿ.’

ನಾನು ಓಲಾಡುವ ಬಸ್ಸಿನಲ್ಲಿ ಸೀಟು ಹಿಡಿದು ಹಿಂದೆ ಹೋಗುತ್ತೇನೆ.

‘ಮುಂದ ಕುಂತಾಕಿಗಿ ಹೇಳಪಾ, ಆಗಲೇ ನುಂಗೇನಿ’ ಎನ್ನುತ್ತಾನೆ ಯಾಕೋಬಪ್ಪ.

ಮತ್ತೆ ಮುಂದೆ.

‘ಬಿಳೇದೋ ಕೆಂಪಂದೋ ಕೇಳ್ರಿ. ಅವರ್ದು ಭರೋಸಾ ಇಲ್ಲ.’

ಮತ್ತೆ ಹಿಂದೆ. ಗೈಡಿನ ಕಥೆಯಲ್ಲಿ ಶಿಷ್ಯ ಪೇತ್ರನು ನೀರಲ್ಲಿ ಮುಳುಗಿ ಏಳುವುದರೊಳಗೆ ನಾನು ಬಸ್ಸಿನ ಉದ್ದವನ್ನು ನಾಲ್ಕಾರು ಸಲ ಅಳೆದಿದ್ದೆ. ಪಾಸ್ಟರು ಇಬ್ಬರಿಗೂ ಬುದ್ಧಿ ಹೇಳಿ ನೋಡಿದರು. ಕ್ಷಮೆಯ ಬಗ್ಗೆ ಒಂದು ಸಣ್ಣ ಪ್ರಸಂಗವನ್ನೂ, ಅಂದರೆ ಉಪದೇಶವನ್ನೂ, ಮಾಡಿದರು. ಮಾರ್ಥವ್ವ ಸೆರಗು ಹೊದ್ದು, ಭಕ್ತಿಯಿಂದ ಪೂರ್ತಿ ಕೇಳಿ, ‘ಪ್ರಸಂಗ ಭಾಳ ಚಲೋ ಆತ್ರಿ, ಹಿಂದಿನವ್ರಿಗೆ ಕೇಳಿಸ್ತೋ ಇಲ್ಲೋ’ ಎಂದಳು.

ಯೊರ್ದನ್ ಹೊಳೆಯಲ್ಲಿ ಇನ್ನೊಂದು ಪಜೀತಿ ಆಯಿತು. ಅಲ್ಲಿ ಬಿಳಿ ನಿಲುವಂಗಿ ತೊಟ್ಟು ನೀರಿಗಿಳಿದು ಮುಳುಗೇಳುತ್ತಾರೆ. ನಮ್ಮವರೂ ಮುಳುಗೆದ್ದರು, ಹಾಡಿದರು, ಅತ್ತರು. ನಾನು ತಲೆ ಎಣಿಸುತ್ತ ಗಂಡಸರ ಕಡೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ದಪ್ ದಪ್ ಸಪ್ಪಳ. ಮಾರ್ಥವ್ವನ ಮುಂದಾಳತ್ವದಲ್ಲಿ ನಮ್ಮ ಹೆಂಗಸರು ಮೆಟ್ಟಿಲ ಮೇಲೆ ಕುಳಿತು ಬಟ್ಟೆ ಒಗೆಯುತ್ತಿದ್ದರು! ಕಾವಲುಗಾರ ಪೀಪಿ ಊದುತ್ತ ಓಡಿ ಬಂದ. ಬೇರೆ ದೇಶದ ಯಾತ್ರಿಕರು ಇದೂ ಒಂದು ವಿಧಿ ಎಂದು ತಿಳಿದು ಫೋಟೋ ತೆಗೆದುಕೊಳ್ಳುತ್ತಿದ್ದರು.

‘ಕಾಕು, ಇದೇನ ಮಾಡಾಕತ್ತೀರಿ?’ ಎಂದು ನಾನು ತಲೆ ಮೇಲೆ ಕೈ ಹೊತ್ತೆ.

‘ಹರಿಯೂ ನೀರು, ಸಪಾಟ ಕಲ್ಲು. ಕಂಡ ಮ್ಯಾಲ ಸುಮ್ಮ ಹ್ಯಾಂಗ ಬರೂದ್ರಿ? ಹೋಟೆಲದಾಗ ಒಗ್ಯಾಕ ಕೊಟ್ರ ರೊಕ್ಕ ಕೇಳ್ತಾರ’ ಎಂದಳು.

ಅವಳು ಹಿಂಡುತ್ತಿದ್ದದ್ದು ಗಂಡಸರ ಅಂಗಿ. ಯಾಕೋಬಪ್ಪನದು. ಮಾತು ಬಿಟ್ಟಿದ್ದಳು, ಅಂಗಿ ಬಿಟ್ಟಿರಲಿಲ್ಲ. ನಾನು ಕಾವಲುಗಾರನಿಗೆ ಕರದಂಟು ಕೊಟ್ಟು ಕೈ ಮುಗಿದೆ. ಆ ಅಂಗಿ ಬಸ್ಸಿನ ಕಿಟಕಿಯಲ್ಲಿ ಒಣಗುತ್ತ ಕಾನಾ ಊರಿನವರೆಗೆ ಬಂತು.

ಕಾನಾ ಎಂದರೆ ಯೇಸುಸ್ವಾಮಿ ಮದುವೆಮನೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದ ಊರು. ಅಲ್ಲಿಗೆ ಹೋದ ದಂಪತಿಗಳು ಮತ್ತೆ ಕೈ ಹಿಡಿದು, ಮದುವೆಯ ಪ್ರಮಾಣವನ್ನು ಹೊಸದಾಗಿ ಮಾಡುವ ರೂಢಿ ಇದೆ. ಪಾಸ್ಟರು ನಮ್ಮವರನ್ನು ಜೋಡಿ ಜೋಡಿಯಾಗಿ ನಿಲ್ಲಿಸಿದರು. ಗಂಡ ಹೆಂಡತಿಯ ಹೆಸರು ಹೇಳಬೇಕು, ಹೆಂಡತಿ ಗಂಡನ ಹೆಸರು ಹೇಳಬೇಕು, ಇಷ್ಟೇ ಎಂದರು. ಗಂಡಸರು ಹೇಳಿದರು. ಹೆಂಗಸರ ಸರದಿ ಬಂದಾಗ ಎಲ್ಲ ನಿಂತುಹೋಯಿತು. ನಮ್ಮ ಹಳ್ಳಿಯ ಹೆಂಗಸರು, ಯಾವ ಧರ್ಮದವರೇ ಇರಲಿ, ಗಂಡನ ಹೆಸರನ್ನು ಸುಮ್ಮನೆ ಬಾಯಲ್ಲಿ ಹಿಡಿಯುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ, ಎರಡು ಸಾಲಿನ ಪ್ರಾಸದಲ್ಲಿ ಹೆಸರನ್ನು ಅಡಗಿಸಿ ಹೇಳುತ್ತಾರೆ. ಪಾಸ್ಟರು ಪೇಟೆಯಲ್ಲಿ ಬೆಳೆದವರು, ಅವರಿಗಿದು ನೆನಪಿರಲಿಲ್ಲ.

ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. ಆಮೇಲೆ ಹುಕ್ಕೇರಿಯ ಒಬ್ಬಾಕೆ ಗಂಟಲು ಸರಿಮಾಡಿಕೊಂಡು ಮುಂದೆ ಬಂದಳು.

‘ಕಾನಾ ಊರಿನ ಮದುವ್ಯಾಗ ನೀರಾತು ದ್ರಾಕ್ಷಿರಸ,
ಯೋಹಾನಪ್ಪ ಮನ್ಯಾಗಿದ್ರ ಕಾಲಾಗೆಲ್ಲಾ ಕಸ!’

ಹೋ ಎಂದು ನಗು. ಗೋಕಾಕದಾಕೆ ಸುಮ್ಮನಿರುತ್ತಾಳೆಯೇ?

‘ಗೋಕಾಕದ ಕರದಂಟಿಗೆ ಗೋಡಂಬಿ ಇರಬೇಕು,
ಸಾಮುವೇಲಪ್ಪನ ಸಿಟ್ಟಿಗೆ ನನ್ನಂಥಾಕೀನ ಇರಬೇಕು!’

ಸರದಿಗೆ ಕಾಯುತ್ತ ನಿಂತಿದ್ದ ಯಾವುದೋ ದೇಶದ ತಂಡ ಅರ್ಥವಾಗದಿದ್ದರೂ ಚಪ್ಪಾಳೆ ಹೊಡೆಯಿತು. ಪಾಸ್ಟರು ಮೊದಲು ಮುಜುಗರಪಟ್ಟು, ಆಮೇಲೆ ತಾವೇ ಮುಂದಿನವರನ್ನು ಹುರಿದುಂಬಿಸತೊಡಗಿದರು. ಹಾಗೆ ಸರದಿ ಯಾಕೋಬಪ್ಪನ ಜೋಡಿಗೆ ಬಂತು. ಅವನು ಒಗೆದ ಅಂಗಿ ತೊಟ್ಟು, ಟೊಪ್ಪಿಗೆ ಸರಿಮಾಡಿಕೊಂಡು, ‘ಮಾರ್ಥಾ’ ಎಂದು ಹೆಸರು ಹೇಳಿ ಕೈ ಚಾಚಿದ. ಮಾರ್ಥವ್ವ ಆ ಕೈಯನ್ನು ನೋಡಿದಳು. ‘ಬಾತ್‌ರೂಮಿಗೆ ಹೋಗಿ ಬರ್ತೇನ್ರಿ’ ಎಂದು ಪಾಸ್ಟರಿಗೆ ಹೇಳಿ ಹೊರಗೆ ಹೋದವಳು ಎಲ್ಲ ಮುಗಿಯುವವರೆಗೂ ಬರಲಿಲ್ಲ. ಯಾಕೋಬಪ್ಪ ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಅಲ್ಲಿಯವರೆಗೆ ನಗುತ್ತಿದ್ದ ನನಗೂ ನಗು ಬರಲಿಲ್ಲ.

ಅಂದು ಊಟಕ್ಕೆ ಅವನು ನನ್ನ ಬಾಜೂಕ್ಕೆ ಬಂದು ಕುಳಿತ. ರೊಟ್ಟಿ ಮುರಿದ, ತಿನ್ನಲಿಲ್ಲ.

‘ಬಸಣ್ಣ, ನಿನಗ ಖರೆ ಹೇಳಲೇನ? ನನ್ನ ಹೆಸರು ಆಕೀ ಬಾಯಾಗ ಹ್ಯಾಂಗ ಕೇಳಸ್ತೈತಿ ಅನ್ನೂದ ನನಗ ಗೊತ್ತಿಲ್ಲ.’

‘ಯಾಕ ಕಾಕಾ, ಮದಿವ್ಯಾಗ ಒಡಪು ಹಾಕಿರಬೇಕಲ್ಲ?’

‘ಹಾಕಿದ್ಳು. ಹೆಸರು ಬರೂ ಹೊತ್ತಿಗೇ ಬ್ಯಾಂಡಿನವ್ರು ಊದಿಬಿಟ್ರು. ಎಲ್ಲಾರೂ ನಕ್ರು, ನಾನೂ ನಕ್ಕೆ. ಕೇಳಸ್ಲೇ ಇಲ್ಲ. ಮತ್ತೊಮ್ಮೆ ಹೇಳಂತ ಹ್ಯಾಂಗ ಕೇಳೂದು? ಇಲ್ಲೆರೆ ಕೇಳೇನು ಅಂತ ಬಂದಿದ್ನಿ. ಸಾಯೂದ್ರಾಗ ಒಮ್ಮಿ ಕೇಳಬೇಕಪಾ.’

ಕಾನಾದ ವಿಷಯವನ್ನು ಯಾರೋ ಅವನಿಗೆ ಊರಲ್ಲೇ ಹೇಳಿದ್ದರು. ಎಮ್ಮೆ ಮಾರಿದ್ದರಲ್ಲಿ ಅವಳ ಆಸೆಯೊಂದೇ ಇರಲಿಲ್ಲ, ಅವನದೂ ಇತ್ತು. ನನಗೆ ಬಹಳ ಕೆಡುಕೆನಿಸಿತು. ಆದರೆ ಧಣಿಯ ಅಪ್ಪಣೆ ನೆನಪಾಗಿ ಬಾಯಿ ಮುಚ್ಚಿಕೊಂಡು ಚಟ್ನಿ ಬಡಿಸಿದೆ.

ಬೇತ್ಲೆಹೇಮಿನ ದೇವಾಲಯದಲ್ಲಿ ಎರಡೂ ಬದಿಗೆ ದಪ್ಪ ದಪ್ಪ ಕಂಬಗಳ ಸಾಲು. ಒಳಗೆ ಮೆಟ್ಟಿಲಿಳಿದು ಹೋದರೆ ಸಣ್ಣ ಗವಿ. ಯೇಸುಸ್ವಾಮಿ ಹುಟ್ಟಿದ ಜಾಗ ಎಂದು ನೆಲದಲ್ಲಿ ನಕ್ಷತ್ರ ಕೂಡಿಸಿದ್ದಾರೆ. ಪಕ್ಕದಲ್ಲೇ ಮಗುವನ್ನು ಮಲಗಿಸಿದ, ದನಗಳಿಗೆ ಮೇವು ಹಾಕುವ ಗೋದಲಿಯ ಸ್ಥಳವಿದೆ, ಈಗ ಅದು ಅಮೃತಶಿಲೆಯದು. ಮಾರ್ಥವ್ವ ನಕ್ಷತ್ರಕ್ಕೆ ಹಣೆ ಮುಟ್ಟಿಸಿದಳು, ಕಣ್ಣೊರೆಸಿಕೊಂಡಳು. ಆಮೇಲೆ ಗೋದಲಿಯನ್ನು ಬಗ್ಗಿ ಬಗ್ಗಿ ನೋಡಿದಳು. ಹಿಂದೆ ಸಾಲು ನಿಂತಿತ್ತು.

‘ಇದ ಗ್ವಾದ್ಲೀನ್ರಿ? ಇದರಾಗ ನಮ್ಮ ಚಂದ್ರಿ ಮೂತೀನೂ ಹಿಡಿಸೂದಿಲ್ಲ’ ಎಂದಳು.

ಅಷ್ಟು ಹೇಳಿದ್ದೇ ತಡ, ಅಳು ಒತ್ತರಿಸಿ ಬಂತು. ಮೇಲೆ ಕರೆತಂದು ಒಂದು ಕಡೆ ಕೂಡಿಸಿ ನೀರು ಕೊಟ್ಟೆ. ಮೂಗು ಒರೆಸಿಕೊಂಡು, ‘ಬಸಣ್ಣ, ಎಮ್ಮಿ ಯಾರಿಗಿ ಕೊಟ್ಟಾರಂತ ಕೇಳಿ ಬರ್ರಿ’ ಎಂದಳು. ಇಷ್ಟು ದಿನದಲ್ಲಿ ಅವಳು ಎಮ್ಮೆಯ ಮಾತನ್ನು ಕಳಿಸಿದ್ದು ಅದೇ ಮೊದಲು.

ಯಾಕೋಬಪ್ಪ ಆ ಬದಿಯ ಕಂಬಗಳ ಹತ್ತಿರ ನಿಂತಿದ್ದ. ಕೇಳಿದೆ.

‘ಅಂಕಲಗಿಗೆ ಕೊಟ್ಟೇನಿ. ಆಕೀ ತಂಗಿ ಮನಿಗೆ. ಬ್ಯಾರೆ ಯಾರಿಗರೆ ಕೊಡ್ತೇನಿ ಅಂದ್ಕೊಂಡಾಳೇನು? ತಂಗಿ ಮನಿಗಿ ಹೋದಾಗೆಲ್ಲಾ ನೋಡಿ ಬರ್ತಾಳ ಅಂತ ಕೊಟ್ಟೇನಿ’ ಎಂದ.

‘ಮತ್ತ ಮೊದಲೇ ಯಾಕ ಹೇಳ್ಲಿಲ್ಲ ಕಾಕಾ?’

‘ಕೇಳಿದ್ರ ಹೇಳ್ತಿದ್ನಿ. ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.’

ತಂಗಿಯ ಬಾಯನ್ನೂ ಅವನೇ ಕಟ್ಟಿಸಿದ್ದನಂತೆ. ಮಾರ್ಥವ್ವನಿಗೆ ಬಂದು ಹೇಳಿದೆ. ಅವಳು ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು, ಕುಳಿತಲ್ಲೇ ಉಳಿದ ನೀರು ಕುಡಿದಳು.

ಅಷ್ಟರಲ್ಲಿ ಹೊರಡುವ ಹೊತ್ತಾಯಿತು. ಬಸ್ಸನ್ನು ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸಲು ಬಿಡುವುದಿಲ್ಲ. ಗೈಡು ಅವಸರ ಮಾಡತೊಡಗಿದ. ಹಳದಿ ಟೊಪ್ಪಿಗೆಗಳನ್ನು ಎಣಿಸಿದೆ. ಒಂದು ಕಡಿಮೆ. ಮತ್ತೆ ಎಣಿಸಿದೆ. ಯಾಕೋಬಪ್ಪ ಇಲ್ಲ. ಅಷ್ಟು ಎತ್ತರದ ಮನುಷ್ಯ, ಪಟಗ, ಅದರ ಮೇಲೆ ಟೊಪ್ಪಿಗೆ. ಹೇಗೆ ಕಳೆಯಲು ಸಾಧ್ಯ? ತಂಡದವರು ‘ಯಾಕೋಬಪ್ಪ ಕಾಕಾ’ ಎಂದು ಮೆತ್ತಗೆ ಕರೆಯುತ್ತ ಹುಡುಕಿದರು. ಪಾಸ್ಟರು ಗವಿಗೆ ಮತ್ತೆ ಇಳಿದು ಬಂದರು. ಬೆಳಗಾವಿಯ ಕುರ್ಚಿಯಲ್ಲಿ ಕುಳಿತ ಧಣಿಯ ಮುಖ ಕಣ್ಣ ಮುಂದೆ ಬಂತು.

ಕಂಬಗಳ ಸಾಲಿನಲ್ಲಿ ಓಡುತ್ತ ಹೋದವನು ಕೊನೆಯ ಕಂಬದ ಹಿಂದೆ ಅವನನ್ನು ಕಂಡೆ. ಬೆನ್ನನ್ನು ಕಂಬಕ್ಕೆ ಹಚ್ಚಿ, ಹೊಟ್ಟೆ ಒಳಗೆಳೆದುಕೊಂಡು, ಕಣ್ಣಾಮುಚ್ಚಾಲೆ ಆಡುವವರ ಹಾಗೆ ನಿಂತಿದ್ದ! ನಾನು ಬಾಯಿ ತೆರೆಯುವ ಮೊದಲೇ ತುಟಿಯ ಮೇಲೆ ಬೆರಳಿಟ್ಟ.

‘ಎಲ್ಲಾರೂ ಕರದ್ರು, ಆಕೀ ಕರದಿಲ್ಲ’ ಎಂದು ಪಿಸುಗುಟ್ಟಿದ.

ಗೈಡು ಆ ಕಡೆ ಗಡಿಯಾರ ತೋರಿಸುತ್ತಿದ್ದ. ನಾನು ಧಣಿಯ ಎರಡನೆಯ ಅಪ್ಪಣೆಯನ್ನು ಅಲ್ಲಿಯೇ ಕಂಬದ ಬುಡದಲ್ಲಿ ಬಿಟ್ಟು, ಮುಖ ಸಪ್ಪಗೆ ಮಾಡಿಕೊಂಡು ಮಾರ್ಥವ್ವನ ಹತ್ತಿರ ಹೋದೆ.

‘ಕಾಕು, ಕಾಕಾ ಎಲ್ಲೂ ಕಾಣವಲ್ರು. ಯಾರ ಕರದ್ರೂ ಓ ಅನವಲ್ರು. ನೀವ ಕರದ ನೋಡ್ರಿ.’

‘ನಾ ಏನಂತ ಕರೀಲಿ?’

‘ಏನ್ರೀ ಅಂದ್ರ ಇಲ್ಲಿ ನೂರು ಗಂಡಸ್ರು ತಿರುಗಿ ನೋಡ್ತಾರ. ಹೆಸರು ಹಿಡದ ಕರೀಬೇಕ್ರಿ.’

ಅವಳು ನನ್ನ ಮುಖವನ್ನೇ ನೋಡಿದಳು. ಕಂಬಗಳ ಸಾಲನ್ನು ಒಮ್ಮೆ ಉದ್ದಕ್ಕೆ ನೋಡಿದಳು. ಎದ್ದು ನಿಂತಳು. ‘ಯಾಕೋಬಪ್ಪಾ’ ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ. ನಮ್ಮ ಹೆಂಗಸರೆಲ್ಲ ಬಾಯಿಗೆ ಸೆರಗು ಹಚ್ಚಿ ಸ್ತಬ್ಧರಾದರು. ಒಡಪಿಲ್ಲ, ಪ್ರಾಸವಿಲ್ಲ, ಬರೀ ಹೆಸರು! ಉತ್ತರ ಬರಲಿಲ್ಲ. ‘ಯಾಕೋಬಪ್ಪಾ!’ ಈ ಸಲ ಪಾಸ್ಟರಿಗೂ ಕೇಳಿಸಿತು. ಆಗಲೂ ಉತ್ತರವಿಲ್ಲ. ಮುದುಕನ ಧೈರ್ಯ ಕಂಡು ನನಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು. ಮೂರನೆಯ ಸಲ ಅವಳು ಸೊಂಟದ ಮೇಲೆ ಕೈಯಿಟ್ಟು, ಸಂಜೆ ಹೊಲದಂಚಿನಿಂದ ಚಂದ್ರಿಯನ್ನು ಕರೆಯುತ್ತಿದ್ದ ದನಿಯಲ್ಲಿ, ‘ಯಾಕೋಬಪ್ಪಾಽಽಽಽ!’ ಎಂದು ಕೂಗಿದಳು. ಆ ಕೂಗು ದೇವಾಲಯದ ಮೇಲ್ಛಾವಣಿಯವರೆಗೆ ಹೋಯಿತು. ಕಾವಲಿನವರು ಓಡಿ ಬಂದರು.

‘ಓ!’ ಎಂದು ಯಾಕೋಬಪ್ಪ ಹೊರಬಿದ್ದ. ಅವನ ಕಣ್ಣು ತುಂಬಿತ್ತು.

‘ಎಲ್ಲಿ ಸತ್ತಿದ್ರಿ? ಬಸ್ಸ ಹೊಂಟೈತಿ!’ ಎಂದಳು ಮಾರ್ಥವ್ವ. ನನ್ನ ಮೂಲಕ ಬರದ ಮೊದಲ ಮಾತು ಅದು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಗುಳಿಗೆ ಬಿಳಿಯದೋ ಕೆಂಪೋ ಎಂದು ನೇರವಾಗಿಯೇ ಜಗಳವಾಡಿದರು. ಇಳಿಯುವಾಗ ಯಾಕೋಬಪ್ಪ ನನ್ನ ಕಿವಿಯಲ್ಲಿ, ‘ನಾ ಕಂಬದ ಹಿಂದ ನಿಂತಿದ್ದನ್ನ ಆಕೀಗಿ ಹೇಳಬ್ಯಾಡ ಮತ್ತ’ ಎಂದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ತಿರುಗಿ ಬರುವ ವಿಮಾನದಲ್ಲಿ ಯಾಕೋಬಪ್ಪ ಗೊರಕೆ ಹೊಡೆಯುತ್ತಿದ್ದ. ಮಾರ್ಥವ್ವ ನನ್ನನ್ನು ಹತ್ತಿರ ಕರೆದಳು.

‘ಬಸಣ್ಣ, ಅವರ ಟೊಪ್ಪಿಗಿ ತುದಿ ಕಂಬದ ಹೊರಗ ಒಂದ ಗೇಣ ಕಾಣ್ತಿತ್ತು. ನಾ ಕೂಗೂಕಿಂತ ಮೊದಲೇ ನೋಡೇನಿ.’

‘ಮತ್ತ ಕೂಗಿದ್ಯಾಕ್ರಿ ಕಾಕು?’

‘ಅಷ್ಟ ದೊಡ್ಡ ಮನಷ್ಯಾ ಅಡಕೊಂಡ ನಿಂತಾರ, ಪಾಪ, ಕರೀಬಾರ್ದ?’ ಎಂದು ಗಂಡನ ಹೊದಿಕೆ ಸರಿಮಾಡಿದಳು. ‘ನೀವ ಅವ್ರಿಗಿ ಹೇಳಬ್ಯಾಡ್ರಿ.’

ಆ ಯಾತ್ರೆಯಲ್ಲಿ ನಾನು ತಲುಪಿಸದೆ ಉಳಿಸಿಕೊಂಡ ಸಂದೇಶಗಳು ಇವೆರಡೇ.

ಈಗ ಟೊಪ್ಪಿಗೆ ಹೋಗಿ ಎಲ್ಲರ ಕಿವಿಗೂ ಗೈಡಿನ ಮಾತು ಕೇಳಿಸುವ ಯಂತ್ರ ಬಂದಿದೆ. ಯಾರಾದರೂ ಹಿಂದೆ ಬಿದ್ದರೆ ವಾಟ್ಸಾಪಿನಲ್ಲಿ ತಾವಿರುವ ಜಾಗ ಕಳಿಸುತ್ತಾರೆ. ಕಳೆದುಹೋಗಲು ಯಾರಿಗೂ ಪುರುಸೊತ್ತಿಲ್ಲ. ಹೊಸಬರು ಇದನ್ನು ಅನುಕೂಲ ಎನ್ನುತ್ತಾರೆ. ಇರಬಹುದು. ಆದರೂ ತಲೆ ಎಣಿಸುವಾಗ ಒಂದು ಕಡಿಮೆಯಾದರೆ ಕೂಡಲೇ ಗಾಬರಿಯಾಗಬೇಡಿ, ಮೊದಲು ಕಂಬಗಳ ಹಿಂದೆ ನೋಡಿ.

ಮೊನ್ನೆ ಕಲ್ಲೋಳಿಗೆ ಹೋಗಿದ್ದೆ. ಯಾಕೋಬಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಮಾತಿಗೆ ಶುರುಮಾಡುವಷ್ಟರಲ್ಲಿ ಒಳಗಿನಿಂದ ‘ಯಾಕೋಬಪ್ಪಾ, ಚಾ ಆಗೈತಿ’ ಎಂದು ಕೂಗು ಬಂತು. ಅವನು ಅಲುಗಾಡಲಿಲ್ಲ. ಮತ್ತೊಮ್ಮೆ ಬಂತು. ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಬಾಗಿಲ ಸಂದಿಯಲ್ಲಿ ಮಾರ್ಥವ್ವ ಚಹಾದ ಕಪ್ಪು ಹಿಡಿದು, ಅವನ ಬೆನ್ನನ್ನೇ ನೋಡುತ್ತ ನಿಂತಿದ್ದಳು. ನನ್ನನ್ನು ಕಂಡು ಅವಳೂ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಮೂರನೆಯ ಸಲ ಕರೆದಳು.